ಗೆಳತಿಯ ಕೆಲಸ ನನ್ನದೆಂದು ಬರೆದೆ, ಇಂಟರ್ನ್‌ಶಿಪ್ ಸಿಕ್ಕಿತು

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಗೆಳತಿ ಮತ್ತು ನಾನು ಸೇರಿ ಒಂದು ಪ್ರಾಜೆಕ್ಟ್ ಮಾಡಿದೆವು. ಮಾಹಿತಿ ಇಡುವ ಡೇಟಾಬೇಸ್ ಪೂರ್ತಿ ಅವಳದು, ಬಳಸುವವರಿಗೆ ಕಾಣುವ ಸ್ಕ್ರೀನ್‌ಗಳಷ್ಟೇ ನನ್ನವು. ರೆಸ್ಯೂಮೆಯಲ್ಲಿ ಮಾತ್ರ ಎಲ್ಲವೂ ನನ್ನದೇ ಎಂದು ಬರೆದೆ. ಇಂಟರ್‌ವ್ಯೂನಲ್ಲಿ ‘ಈ ಟೇಬಲ್‌ಗೆ ಇಂಡೆಕ್ಸ್ ಯಾಕೆ ಹಾಕಿದಿರಿ?’ ಎಂದು ಡೇಟಾಬೇಸ್‌ನ ಹುಡುಕುಸೂಚಿಯ ಬಗ್ಗೆ ಕೇಳಿದರು. ಅವಳು ಹಿಂದೆ ಹೇಳಿದ್ದನ್ನೇ ಒಪ್ಪಿಸಿದೆ. ನಾನು ಆಯ್ಕೆಯಾದೆ. ಅಲ್ಲೇ ಅರ್ಜಿ ಹಾಕಿದ್ದ ಅವಳಿಗೆ ಸಿಗಲಿಲ್ಲ. ನಾನಿನ್ನೂ ಸೇರಿಲ್ಲ. ಬಿಟ್ಟುಬಿಡಲೇ?

ಉತ್ತರ: ಸುಮ್ನೆ ಬಿಟ್ಟರೆ ಏನಾಗುತ್ತದೆ? ಆ ಜಾಗ ಗೆಳತಿಗೇ ಹೋಗುತ್ತದೆ ಎನ್ನುವ ಖಾತ್ರಿ ಇಲ್ಲ. ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೆ ಶಿಕ್ಷೆ ಅನುಭವಿಸಿದ ಸಮಾಧಾನ ಸಿಗಬಹುದು, ಅಷ್ಟೇ.

ಮೊದಲು ಅವಳಿಗೆ ಹೇಳಿ. ‘ಸ್ವಲ್ಪ ಜಾಸ್ತಿ ಬರೆದುಬಿಟ್ಟೆ’ ಎಂದು ತೇಲಿಸಬೇಡಿ. ರೆಸ್ಯೂಮೆಯ ಆ ಸಾಲನ್ನೇ ತೋರಿಸಿ. ಅವಳು ಸಿಟ್ಟಾದರೆ ಆಗಲಿ, ಅದು ಅವಳ ಹಕ್ಕು. ಅದೇ ದಿನ ಕ್ಷಮಿಸಿಬಿಡು ಎಂದು ಬೆನ್ನು ಹತ್ತಬೇಡಿ.

ಆಮೇಲೆ ಕಂಪನಿಗೆ, ಸೇರುವ ಮುಂಚೆಯೇ, ಚಿಕ್ಕದೊಂದು ಮೇಲ್ ಬರೆಯಿರಿ: ‘ಪ್ರಾಜೆಕ್ಟ್‌ನ ಡೇಟಾಬೇಸ್ ಭಾಗ ಮಾಡಿದ್ದು ನನ್ನ ಜೊತೆಗಾರ್ತಿ. ನಾನು ಮಾಡಿದ್ದು ಸ್ಕ್ರೀನ್‌ಗಳು. ರೆಸ್ಯೂಮೆಯಲ್ಲಿ ತಪ್ಪಾಗಿ ಬರೆದಿದ್ದೆ, ತಿದ್ದಿದ ಪ್ರತಿ ಕಳಿಸುತ್ತಿದ್ದೇನೆ.’ ಇಷ್ಟು ಸಾಕು. ಮನೆಯ ಕಷ್ಟ, ಪರೀಕ್ಷೆಯ ಒತ್ತಡ ಎಲ್ಲ ಬೇಡ. ಆಫರ್ ವಾಪಸ್ ಹೋಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮಗೆ ಡೇಟಾಬೇಸ್ ಕೆಲಸ ಬರುತ್ತದೆ ಎಂದು ನಂಬಿ ಮೊದಲ ವಾರವೇ ಅದನ್ನು ಕೊಟ್ಟರೆ ಏನು ಮಾಡುತ್ತೀರಿ?

ಇಂಟರ್‌ವ್ಯೂನಲ್ಲೂ ನೀವು ಬಚಾವಾದದ್ದು ಅವರು ಮುಂದಿನ ಪ್ರಶ್ನೆ ಕೇಳದೆ ಇದ್ದದ್ದರಿಂದ. ಇಂಡೆಕ್ಸ್ ಇದ್ದರೆ ಹುಡುಕಾಟ ಬೇಗ ಆಗುತ್ತದೆ, ಟೇಬಲ್‌ನ ಎಲ್ಲ ಸಾಲುಗಳನ್ನೂ ಓದಬೇಕಿಲ್ಲ. ಇದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ‘ಹಾಗಾದರೆ ಎಲ್ಲ ಕಾಲಂಗೂ ಯಾಕೆ ಹಾಕಲಿಲ್ಲ?’ ಎಂದಿದ್ದರೆ? ಹೊಸ ಸಾಲು ಸೇರಿಸಿದಾಗಲೆಲ್ಲ ಇಂಡೆಕ್ಸ್‌ಗಳನ್ನೂ ತಿದ್ದಬೇಕು. ಇಂಡೆಕ್ಸ್ ಜಾಸ್ತಿಯಾದಷ್ಟೂ ಟೇಬಲ್‌ಗೆ ಮಾಹಿತಿ ಬರೆಯುವ ಕೆಲಸ ನಿಧಾನ, ಜಾಗವೂ ಜಾಸ್ತಿ. ಕೈಯಾರೆ ಮಾಡಿದವರು ಇದನ್ನು ಥಟ್ಟನೆ ಹೇಳುತ್ತಾರೆ. ನಿಮ್ಮ ಗೆಳತಿಯೂ ಹೇಳುತ್ತಿದ್ದಳು, ಅಲ್ವಾ?

ಅಂದಹಾಗೆ, ಸ್ಕ್ರೀನ್ ಮಾಡುವುದು ಕೀಳು ಕೆಲಸ ಎಂದು ನಿಮಗೆ ಯಾರು ಹೇಳಿದರು? ಫಾರಂನಲ್ಲಿ ತಪ್ಪು ತುಂಬಿದರೆ ಏನು ತೋರಿಸಬೇಕು, ನೆಟ್ ಕೈಕೊಟ್ಟರೆ ಏನಾಗಬೇಕು ಎಂದೆಲ್ಲ ತಲೆ ಕೆಡಿಸಿಕೊಂಡಿರುತ್ತೀರಿ. ತಿದ್ದಿದ ರೆಸ್ಯೂಮೆಯಲ್ಲಿ ಅದನ್ನು ವಿವರವಾಗಿ ಬರೆಯಿರಿ. ಎಷ್ಟು ಕೆದಕಿದರೂ ಉತ್ತರ ಇರುವುದು ಅಲ್ಲೇ.