ಮಳೆಗಾಲಕ್ಕೆ ಮುಂಚೆ 11 ಕೆವಿ ಲೈನಿಗೆ ಥರ್ಮಲ್ ಡ್ರೋನ್ ತಪಾಸಣೆ ಸಾಕೇ?

ಮಲೆನಾಡಿನ 11 ಕೆವಿ (11,000 ವೋಲ್ಟ್) ಲೈನನ್ನು ಥರ್ಮಲ್ ಡ್ರೋನಿನಿಂದ, ಅಂದರೆ ಬಿಸಿಯನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ ಹೊತ್ತ ಡ್ರೋನಿನಿಂದ, ನೋಡಿಸಿದರೆ ಜೂನ್‌ನಲ್ಲಿ ಕರೆಂಟ್ ಹೋಗುವುದು ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಅದೊಂದರಿಂದಲೇ ತಪ್ಪದು. ಥರ್ಮಲ್ ಕ್ಯಾಮೆರಾ ಹಿಡಿಯುವುದು ಬಿಸಿಯಾಗುವ ಸಡಿಲ ಜೋಡಣೆಗಳನ್ನು: ಜಂಪರ್ (ತಂತಿಗಳನ್ನು ಜೋಡಿಸುವ ತುಂಡು ತಂತಿ), ಕ್ಲ್ಯಾಂಪ್, ಸ್ವಿಚ್ಚಿನ ಬ್ಲೇಡ್, ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ತಂತಿ ಸೇರುವ ಬುಶಿಂಗಿನ ತುದಿ. ಆದರೆ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಲೈನ್ ಕೆಡಿಸುವುದು ಹೆಚ್ಚಾಗಿ ಮರ, ಆಮೇಲೆ ಬಿರುಕುಬಿಟ್ಟ ಇನ್ಸುಲೇಟರ್ (ತಂತಿಯ ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವ ಭಾಗ).

ಬಿರುಕಿನ ಕಾಟ ವಿಚಿತ್ರ. ಪಿನ್ ಇನ್ಸುಲೇಟರಿನ (ಕಂಬದ ಅಡ್ಡಪಟ್ಟಿಯ ಮೇಲೆ ಪಿನ್ನಿಗೆ ಕೂರಿಸಿದ್ದು) ಕೂದಲೆಳೆಯಂಥ ಬಿರುಕು ಬೇಸಿಗೆಯಲ್ಲಿ ಒಣಗಿರುತ್ತದೆ, ಬಿಸಿಯಾಗುವುದೇ ಇಲ್ಲ. ಥರ್ಮಲ್ ಚಿತ್ರದಲ್ಲಿ ಎಲ್ಲ ಸರಿ ಎಂದೇ ಕಾಣುತ್ತದೆ. ಬಿರುಕಿಗೆ ಮಳೆ ನೀರು ಇಳಿದಾಗ ಅರ್ತ್ ಫಾಲ್ಟ್ ಆಗಿ (ಕರೆಂಟ್ ನೆಲಕ್ಕೆ ಸೋರಿ) ಫೀಡರ್ ಟ್ರಿಪ್, ಅಂದರೆ ಇಡೀ ಲೈನ್ ತಾನಾಗಿ ಕಡಿತ. ಮಳೆ ನಿಂತು ಒಣಗಿದ ಮೇಲೆ ಮತ್ತೆ ಚಾರ್ಜ್ ಮಾಡಿದರೆ (ಕರೆಂಟ್ ಕೊಟ್ಟರೆ) ಟ್ರಿಪ್ ಆಗದೆ ಉಳಿಯುತ್ತದೆ, ಲೈನ್‌ಮ್ಯಾನ್‌ಗೆ ಏನೂ ಸಿಗುವುದಿಲ್ಲ. ಇದಕ್ಕೆ ಝೂಮ್ ಕ್ಯಾಮೆರಾದ ಮಾಮೂಲಿ ಫೋಟೋಗಳೇ ಬೇಕು: ಪ್ರತಿ ಕಂಬಕ್ಕೆ ಎರಡೂ ಬದಿಯಿಂದ, ಮೇಲಿಂದ ಒಂದು, ಒಂದು ಪಿಕ್ಸೆಲ್‌ಗೆ 1 ಮಿ.ಮೀ.ಗಿಂತ ಒರಟಾಗದಂತೆ.

ಥರ್ಮಲ್ ಹಾರಾಟವನ್ನು ಬೆಳಗಿನ ಲೋಡ್ ಇರುವಾಗ, ಬಿಸಿಲೇರುವ ಮೊದಲು ಮುಗಿಸಿ. ಗಾಳಿ ಜೋರಿದ್ದರೆ ಬಿಸಿ ಜಾಗ ತಣ್ಣಗಾಗಿ ಮರೆಯಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಕ್ಯಾಮೆರಾ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಅದೇ ಕಂಬದ ಮೂರು ಫೇಸ್‌ಗಳ (ಮೂರು ತಂತಿಗಳ) ಒಂದೇ ಬಗೆಯ ಜೋಡಣೆಗಳನ್ನು ಹೋಲಿಸಿ. ಲೋಡ್ ಸಮವಿದ್ದೂ 15 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ತಡಮಾಡುವಂತಿಲ್ಲ. ಅರ್ಧ ಲೋಡಿನಲ್ಲಿ 10 ಡಿಗ್ರಿ ಅಂತರ ಕಂಡರೂ ಹಗುರಾಗಿ ತೆಗೆದುಕೊಳ್ಳಬೇಡಿ, ಪೂರ್ತಿ ಲೋಡಿನಲ್ಲಿ ಅದು ಮೂರು-ನಾಲ್ಕು ಪಟ್ಟಾಗುತ್ತದೆ. ದೂರವೂ ಮುಖ್ಯ: 12 ಮೈಕ್ರಾನ್ ಸೆನ್ಸರ್, 13 ಮಿ.ಮೀ. ಲೆನ್ಸ್ ಇದ್ದರೆ 10 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಸುಮಾರು 9 ಮಿ.ಮೀ. ನಂಬುವಂಥ ಅಳತೆಗೆ ಕನಿಷ್ಠ ಮೂರು ಪಿಕ್ಸೆಲ್ ಬೇಕು, ಅಂದರೆ 3 ಸೆಂ.ಮೀ. ಕ್ಲ್ಯಾಂಪ್‌ವರೆಗೆ ಸರಿ, ಅದಕ್ಕಿಂತ ಚಿಕ್ಕದಕ್ಕೆ ಸಲ್ಲದು.

ಮರಗಳನ್ನು ಅಳೆಯಲು ಲೈಡಾರ್ ಬೇಕು, ಅಂದರೆ ಲೇಸರ್ ಕಿರಣದಿಂದ ದೂರ ಅಳೆಯುವ ಉಪಕರಣ. ಫೋಟೋ ಜೋಡಿಸಿ ಮಾಡುವ 3ಡಿ ಮಾದರಿಯಲ್ಲಿ ತೆಳು ತಂತಿ ಸರಿಯಾಗಿ ಮೂಡುವುದಿಲ್ಲ. ತಂತಿಗೆ ತಾಗಿದ ಕೊಂಬೆ ಯಾರ ಕಣ್ಣಿಗೂ ಬೀಳುತ್ತದೆ. ದೂರ ನಿಂತ ಎತ್ತರದ ಅಕೇಶಿಯಾ ಮರ ಕಣ್ಣಿಗೆ ಬೀಳುವುದಿಲ್ಲ. ಸಮತಟ್ಟು ನೆಲದಲ್ಲಿ ತಂತಿಯ ಎತ್ತರ 8 ಮೀಟರ್, ಮರ 10 ಮೀಟರ್ ಆಚೆ ಎಂದುಕೊಳ್ಳಿ: ಬುಡದಿಂದ ತಂತಿಗೆ ಓರೆ ದೂರ 12.8 ಮೀಟರ್. 18 ಮೀಟರ್ ಎತ್ತರದ ಮರ ಈ ಕಡೆ ಉರುಳಿದರೆ ತಂತಿ ಉಳಿಯದು. ಇಳಿಜಾರಿನ ಮೇಲ್ಬದಿಯ ಮರ ಇನ್ನೂ ಅಪಾಯ.

ಮರ ಕಡಿಯಲು ಅನುಮತಿಗೆ ಸಮಯ ಹಿಡಿಯುವುದರಿಂದ ಲೈಡಾರ್ ಜನವರಿಯಲ್ಲೇ ಆಗಲಿ, ಥರ್ಮಲ್ ಮಾರ್ಚ್‌ನಲ್ಲಿ ಸಾಕು. ಫೋಟೋಗೆ ಜಿಪಿಎಸ್ ಜೊತೆ ಕಂಬದ ಸಂಖ್ಯೆಯೂ ಇರಲಿ. ಜಿಪಿಎಸ್ ಕೆಲವು ಮೀಟರ್ ತಪ್ಪಿದರೆ ಲೈನ್‌ಮ್ಯಾನ್‌ನನ್ನು ಪಕ್ಕದ ಲೈನಿನ ಕಂಬ ಹತ್ತಿಸುತ್ತೀರಿ. ದೋಷಗಳ ಪಟ್ಟಿಯನ್ನು ಸ್ವಿಚ್‌ನಿಂದ ಸ್ವಿಚ್‌ಗೆ ವಿಂಗಡಿಸಿ, ಒಂದೇ ಲೈನ್ ಕ್ಲಿಯರ್‌ನಲ್ಲಿ (ಕೆಲಸಕ್ಕಾಗಿ ಅನುಮತಿ ಪಡೆದು ಲೈನ್ ಬಂದ್ ಮಾಡಿದ ಅವಧಿಯಲ್ಲಿ) ಆ ಭಾಗದ ರಿಪೇರಿಯೆಲ್ಲ ಮುಗಿಯುತ್ತದೆ.