ದಸರಾ ಗೊಂಬೆ ನೋಡಲು ಬರುವ ಮಕ್ಕಳಿಗೆ ನಿಧಿ ಹುಡುಕಾಟ ಆಡಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ದಸರಾ ರಜೆಯಲ್ಲಿ ಗೊಂಬೆ ನೋಡಲು ಅಪಾರ್ಟ್‌ಮೆಂಟಿನ 14 ಮಕ್ಕಳು ಬರುತ್ತಾರೆ, ವಯಸ್ಸು 4ರಿಂದ 12. ಕಳೆದ ಸಲ ಆಡಿಸಿದ ಟ್ರೆಷರ್ ಹಂಟ್ ಹತ್ತೇ ನಿಮಿಷಕ್ಕೆ ಮುಗಿಯಿತು, ದೊಡ್ಡವರು ಮುಂದೆ ಓಡಿದರು, ಚಿಕ್ಕವರು ಅತ್ತರು. ಈ ಸಲ ಸರಿಯಾಗಿ ಮಾಡುವುದು ಹೇಗೆ?

ಹತ್ತು ನಿಮಿಷಕ್ಕೆ ಮುಗಿಯಲು ಕಾರಣ ಸುಳಿವು ಸುಲಭವಾಗಿದ್ದದ್ದಲ್ಲ. ಎಲ್ಲರನ್ನೂ ಒಂದೇ ಗುಂಪು ಮಾಡಿ ಮುಂದಿನ ಜಾಗದ ಸುಳಿವು ಬರೆದ ಒಂದೇ ಸಾಲಿನ ಚೀಟಿಗಳನ್ನು ಇಟ್ಟರೆ, ಚುರುಕಾಗಿ ಓದುವ ಒಬ್ಬ ಹುಡುಗನೋ ಹುಡುಗಿಯೋ ಆಟವನ್ನೆಲ್ಲ ಆಡಿಬಿಡುತ್ತದೆ. ಉಳಿದವರದ್ದು ಬರೀ ಓಟ. ಹಾಗಾಗಿ ಒಗಟನ್ನು ಕಷ್ಟ ಮಾಡಲು ಹೋಗಬೇಡಿ, ಕೆಲಸವನ್ನು ಹಂಚಿ. ನನ್ನ ಮಟ್ಟಿಗೆ ಈ ಆಟದ ಜೀವ ಇರುವುದೇ ಅಲ್ಲಿ.

14 ಮಕ್ಕಳನ್ನು 5, 5, 4 ಎಂದು ಮೂರು ತಂಡ ಮಾಡಿ. ಐದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಚೀಟಿ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ತಂಡದಲ್ಲೂ ಎಲ್ಲ ವಯಸ್ಸಿನವರು ಇರಲಿ, ಜೊತೆಗೆ ಕನ್ನಡ ಸರಾಗವಾಗಿ ಓದಬಲ್ಲ ಒಬ್ಬರಾದರೂ ಇರಲೇಬೇಕು. ಮನೆಮಾತು ಬೇರೆಯಾದ ಮಕ್ಕಳು, ಇಂಗ್ಲಿಷ್ ಮೀಡಿಯಂ ಮಕ್ಕಳು ಇರುವ ಕಡೆ ಇದನ್ನು ಮರೆತರೆ ಮೊದಲ ಚೀಟಿಯಲ್ಲೇ ತಂಡ ನಿಂತುಬಿಡುತ್ತದೆ. ಆಮೇಲೆ ಒಂದೇ ಒಂದು ನಿಯಮ: ಚೀಟಿ ಸಿಕ್ಕ ಜಾಗದಿಂದ ಅದನ್ನು ತೆಗೆಯುವ ಕೈ ತಂಡದ ಅತಿ ಚಿಕ್ಕವರದ್ದೇ ಆಗಿರಬೇಕು, ಓದುವುದು ದೊಡ್ಡವರು. ಹನ್ನೆರಡರ ಅಕ್ಕ ನಾಲ್ಕರ ಪುಟ್ಟನ ಕೈ ಹಿಡಿದುಕೊಂಡೇ ಓಡಬೇಕಾಗುತ್ತದೆ. ಕಳೆದ ಸಲದ ಅಳುವಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಅದಕ್ಕೆ ತಕ್ಕಂತೆ ಚೀಟಿಗಳನ್ನು ನೆಲದಿಂದ 2–3 ಅಡಿ ಎತ್ತರದೊಳಗೇ ಇಡಿ.

ಈಗ ಜಾಗಗಳು. ಮೊದಲು ಜಾಗ ಗೊತ್ತುಮಾಡಿಕೊಳ್ಳಿ, ಸುಳಿವು ಬರೆಯುವುದು ಆಮೇಲೆ. ಚೆಂದದ ಒಗಟು ನೆನಪಾಯಿತೆಂದು ಅದಕ್ಕೆ ಜಾಗ ಹುಡುಕಹೊರಟರೆ ತೊಡಕು. ಆರು ಜಾಗ ಸಾಕು. ಒಂದೊಂದಕ್ಕೆ ಓದಿ, ಯೋಚಿಸಿ, ಓಡಿ ಹುಡುಕಲು ಸುಮಾರು 5 ನಿಮಿಷ ಹಿಡಿಯುತ್ತದೆ. ಆರಂಭದ ಮಾತು, ಕೊನೆಯ ಜೋಡಣೆ ಸೇರಿ 40 ನಿಮಿಷ. ಅದಕ್ಕಿಂತ ಎಳೆದರೆ ಚಿಕ್ಕವರು ಸುಸ್ತಾಗುತ್ತಾರೆ. ಉದಾಹರಣೆಗೆ:

1. ಬಾಗಿಲ ಬಳಿಯ ಚಪ್ಪಲಿ ಗೂಡು
2. ತುಳಸಿ ಕುಂಡ
3. ಕೈ ತೊಳೆಯುವ ಕಡೆಯ ಕನ್ನಡಿ
4. ಪಕ್ಕದ ಮನೆಯ ತಾತ
5. ಗೊಂಬೆ ಮೆಟ್ಟಿಲು
6. ಆಟದ ಅಂಗಳದ ಜಾರುಬಂಡಿ

ಮೂರೂ ತಂಡಗಳನ್ನು ಒಂದೇ ಕಡೆಯಿಂದ ಹೊರಡಿಸಿದರೆ ಹಿಂದಿನವರು ಮುಂದಿನವರ ಬೆನ್ನು ನೋಡಿಕೊಂಡೇ ಬರುತ್ತಾರೆ. ಅದಕ್ಕೇ ಗುಲಾಬಿ ತಂಡಕ್ಕೆ 1-2-3-4-5-6, ಹಳದಿಗೆ 3-4-5-6-1-2, ಹಸಿರಿಗೆ 5-6-1-2-3-4 ಎಂದು ಕೊಡಿ. ಹೊರಡುವಾಗ ಕೈಗೆ ಒಂದು ಚೀಟಿ, ಆರು ಜಾಗದಲ್ಲಿ ಆರು, ಅಂದರೆ ತಂಡಕ್ಕೆ 7, ಒಟ್ಟು 21 ಚೀಟಿ. ತಂಡದ ಬಣ್ಣದ ಕಾಗದದಲ್ಲೇ ಬರೆಯಿರಿ, ಆದರೆ ತಿಳಿ ಬಣ್ಣ ಆರಿಸಿ. ಕಡುಗೆಂಪು ಕಾಗದದ ಮೇಲೆ ಕಪ್ಪು ಅಕ್ಷರ ಸಂಜೆ ಬೆಳಕಿನಲ್ಲಿ ಕಾಣುವುದಿಲ್ಲ. ಬೇರೆ ಬಣ್ಣದ ಚೀಟಿ ಕಂಡರೂ ಮುಟ್ಟಬಾರದು ಎಂದು ಹೊರಡುವ ಮೊದಲೇ ಹೇಳಿ.

ಎಡವುವುದು ಎರಡು ಕಡೆ. ಒಂದು, ತುಳಸಿಯ ಸುಳಿವನ್ನು ತುಳಸಿ ಕುಂಡದಲ್ಲೇ ಇಟ್ಟುಬಿಡುವುದು. ತುಳಸಿಗೆ ಕಳಿಸುವ ಸುಳಿವು ಇರಬೇಕಾದದ್ದು ಚಪ್ಪಲಿ ಗೂಡಿನಲ್ಲಿ. ಇನ್ನೊಂದು, ಕೊನೆಯ ಚೀಟಿ. ಗುಲಾಬಿಗೆ ಕೊನೆಯ ಜಾಗ ಜಾರುಬಂಡಿ, ಹಳದಿಗೆ ತುಳಸಿ, ಹಸಿರಿಗೆ ತಾತ. ಆ ಮೂರು ಜಾಗಗಳಲ್ಲಿ ಆಯಾ ಬಣ್ಣದ ಚೀಟಿ ಮಾತ್ರ ಬೇರೆಯಾಗಿರಬೇಕು, ಮುಂದಿನ ಜಾಗದ ಬದಲು ನಿಧಿಯ ಕಡೆಗೆ ಕಳಿಸಬೇಕು. ‘ಎಲ್ಲಿ ಇಡುವುದು, ಯಾವ ಬಣ್ಣ, ಎಲ್ಲಿಗೆ ಕಳಿಸುತ್ತದೆ’ ಎಂದು ಮೂರು ಕಾಲಂ ಎಳೆದು 21 ಚೀಟಿಯನ್ನೂ ಪಟ್ಟಿ ಮಾಡಿಕೊಳ್ಳಿ. ಇಟ್ಟ ಮೇಲೆ ಒಂದೊಂದು ಬಣ್ಣದ ಹಾದಿಯನ್ನು ನೀವೇ ಒಮ್ಮೆ ನಡೆದು ನೋಡಿ.

ಸುಳಿವು ಬರೆಯುವಾಗ ವಸ್ತುವಿನ ಗುಣ ಒಂದು, ಅದಿರುವ ಜಾಗ ಒಂದು, ಎರಡೂ ಬರಲಿ. ನಮ್ಮಲ್ಲಿ ಒಗಟುಗಳಿಗೆ ಬರವಿಲ್ಲ, ಆದರೆ ಎಲ್ಲ ಒಗಟೂ ಸುಳಿವಾಗುವುದಿಲ್ಲ. ‘ಕಾಸಿನ ಕುದುರೆಗೆ ಬಾಲದ ಲಗಾಮು’ ಎಂದರೆ ಸೂಜಿ ದಾರ. ಒಗಟು ಸೊಗಸು, ಆದರೆ ಸೂಜಿ ಎಲ್ಲಿದೆ ಎಂದು ಮಕ್ಕಳು ಮನೆಯ ಡ್ರಾಯರುಗಳನ್ನೆಲ್ಲ ಎಳೆದು ಹಾಕುತ್ತಾರೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದು ಮಲ್ಲಿಗೆ ಕುಂಡಕ್ಕೆ ಕಳಿಸಬಹುದು, ಆ ಹೊತ್ತಿಗೆ ಗಿಡದಲ್ಲಿ ಹೂವಿದ್ದರೆ ಮಾತ್ರ. ‘ನೋಡಿದರೆ ನೋಟಗಳು, ನಕ್ಕರೆ ನಗುಗಳು, ಒಡೆದರೆ ಚೂರುಗಳು’ ಕನ್ನಡಿಗೆ ಹೇಳಿ ಮಾಡಿಸಿದ್ದು, ಆದರೆ ಮನೆಯಲ್ಲಿ ನಾಲ್ಕು ಕನ್ನಡಿ ಇರುತ್ತವೆ. ಕೊನೆಗೆ ‘ಊಟಕ್ಕೆ ಮುಂಚೆ ಎಲ್ಲರೂ ನನ್ನ ಮುಂದೆ ನಿಲ್ಲುತ್ತಾರೆ’ ಎಂದು ಸೇರಿಸಿದರೆ ಕೈ ತೊಳೆಯುವ ಕಡೆಯದ್ದೇ ಎಂದು ಹೊಳೆಯುತ್ತದೆ. ಚಪ್ಪಲಿ ಗೂಡಿಗೆ ಹೀಗೆ ಬರೆಯಬಹುದು:

‘ಜೋಡಿ ಜೋಡಿ ಬರುತ್ತೇವೆ, ಬಾಗಿಲಲ್ಲೇ ನಿಲ್ಲುತ್ತೇವೆ,
ಒಳಗೆ ಎಂಥ ಹಬ್ಬವಾದರೂ ನಮಗೆ ಮಾತ್ರ ಕರೆಯಿಲ್ಲ.’

ಬರೆದದ್ದನ್ನು ಬೇರೆ ಮನೆಯ ದೊಡ್ಡವರೊಬ್ಬರಿಗೆ ಓದಿ ಹೇಳಿ. ಅವರ ಬಾಯಲ್ಲಿ ಎರಡು ಉತ್ತರ ಬಂದರೆ ತಿದ್ದಿ. ಓದಲು ಬಾರದ ಮಕ್ಕಳಿಗೆಂದು ಚೀಟಿಯ ಮೂಲೆಯಲ್ಲಿ ಪುಟ್ಟ ಚಿತ್ರವೂ ಇರಲಿ, ಅರ್ಧ ಮಾತ್ರ: ಚಪ್ಪಲಿಯ ಪಟ್ಟಿ, ತುಳಸಿಯ ಒಂದು ಎಲೆ.

ಗೊಂಬೆ ಮೆಟ್ಟಿಲ ಮೇಲೆ ಮಾತ್ರ ಏನನ್ನೂ ಬಚ್ಚಿಡಬೇಡಿ. ಮಣ್ಣಿನ ಗೊಂಬೆಗೆ ಒಂದು ಮೊಣಕೈ ತಗುಲಿದರೆ ಮುಗಿಯಿತು, ಪಕ್ಕದಲ್ಲಿ ದೀಪ ಬೇರೆ ಉರಿಯುತ್ತಿರುತ್ತದೆ. ಕಲಶವನ್ನೂ ಪಟ್ಟದ ಗೊಂಬೆಯನ್ನೂ ವಿಸರ್ಜನೆಯವರೆಗೆ ಕದಲಿಸುವಂತಿಲ್ಲ. ಅಲ್ಲಿ ಹುಡುಕುವ ಬದಲು ನೋಡುವ ಆಟ ಇಡಿ. ಎರಡು ಅಡಿ ದೂರಕ್ಕೆ ರಂಗೋಲಿಯಲ್ಲಿ ಗೆರೆ ಎಳೆದು, ಆಚೆ ನಿಂತು ಎಣಿಸಿ ಹೇಳಲಿ: ಶೆಟ್ಟಿ ಅಂಗಡಿಯ ಮುಂದೆ ಎಷ್ಟು ಬುಟ್ಟಿ? ಜಂಬೂಸವಾರಿ ಸಾಲಿನಲ್ಲಿ ಅಂಬಾರಿ ಹೊತ್ತ ಆನೆ ಎಷ್ಟನೆಯದು? ಕೈಯಲ್ಲಿ ತಾವರೆ ಹಿಡಿದವರು ಯಾರು? ಮನೆಯವರೊಬ್ಬರು ಅಲ್ಲೇ ಕೂತು, ಸರಿಯುತ್ತರಕ್ಕೆ ಚೀಟಿ ಕೊಡಲಿ. ಎಷ್ಟೋ ದಿನ ಕೂತು ಜೋಡಿಸಿದ ಗೊಂಬೆಗಳನ್ನು ಮಕ್ಕಳು ಇಷ್ಟು ಹತ್ತಿರದಿಂದ ನೋಡುವುದು ಇನ್ಯಾವಾಗ!

ತಾತನ ಹತ್ತಿರ ಸುಮ್ಮನೆ ಚೀಟಿ ಸಿಗಬಾರದು. ಚೌಕಾಬಾರದ ನಾಲ್ಕು ಕವಡೆ ಕೊಟ್ಟು, ಚೌಕ (4) ಅಥವಾ ಬಾರ (8) ಬೀಳಿಸಲು ಹೇಳಲಿ. ಇದು ಅದೃಷ್ಟದ ಆಟವಾದ್ದರಿಂದ ಮಿತಿ ಬೇಕು: ಮಕ್ಕಳು ಸರದಿಯ ಮೇಲೆ ಐದು ಸಲ ಹಾಕಲಿ, ಬೀಳದಿದ್ದರೂ ಚೀಟಿ ಕೊಟ್ಟು ಕಳಿಸಿ.

ನಿಧಿಯನ್ನು ಎಲ್ಲೋ ಬಚ್ಚಿಟ್ಟರೆ ಆಟಕ್ಕೆ ಮೊದಲೇ ಯಾರ ಕಣ್ಣಿಗಾದರೂ ಬೀಳುತ್ತದೆ. ಒಳಕೋಣೆಯಲ್ಲಿ ಕೂತ ಅಜ್ಜಿಯ ವಶಕ್ಕೆ ಕೊಡಿ. ‘ವಿಜಯದಶಮಿ’ ಸರಿಯಾಗಿ ಆರು ಅಕ್ಷರ, ಒತ್ತಕ್ಷರ ಒಂದೂ ಇಲ್ಲ, ಆಗಷ್ಟೇ ಕನ್ನಡ ಕಲಿಯುತ್ತಿರುವವರೂ ಓದಬಲ್ಲರು. ಆರು ಜಾಗದ ಚೀಟಿಗಳ ಹಿಂದೆ ಒಂದೊಂದು ಅಕ್ಷರ ಬರೆಯಿರಿ, ಕಲೆಸಿ: ಚಪ್ಪಲಿ ಗೂಡಿನಲ್ಲಿ ‘ದ’, ತುಳಸಿಯಲ್ಲಿ ‘ಯ’, ಕನ್ನಡಿಗೆ ‘ಮಿ’, ತಾತನ ಬಳಿ ‘ವಿ’, ಗೊಂಬೆಗೆ ‘ಶ’, ಜಾರುಬಂಡಿಗೆ ‘ಜ’. ನಾಲ್ಕು ಅಕ್ಷರಕ್ಕೇ ಪದ ಊಹಿಸುವ ಜಾಣರು ಇದ್ದೇ ಇರುತ್ತಾರೆ. ಆರೂ ಚೀಟಿ ನೆಲದ ಮೇಲೆ ಜೋಡಿಸಿ ತೋರಿಸುವವರೆಗೆ ಅಜ್ಜಿ ಡಬ್ಬಿ ತೆಗೆಯಬಾರದು.

ಡಬ್ಬಿಯಲ್ಲಿ ಗೊಂಬೆ ಬಾಗಿನದ ತಿಂಡಿಯೇ ಇರಲಿ: ಎರಡು ಕೋಡುಬಳೆ, ಒಂದು ಕೊಬ್ಬರಿ ಮಿಠಾಯಿ, ಜೊತೆಗೆ ಚನ್ನಪಟ್ಟಣದ ಒಂದು ಬುಗುರಿ. ಎಲ್ಲರಿಗೂ ಒಂದೇ ಥರದ ಪೊಟ್ಟಣ, ಹೆಸರು ಬರೆದದ್ದು. ಲೆಕ್ಕಕ್ಕಿಂತ ಎರಡು ಹೆಚ್ಚು ಕಟ್ಟಿಡಿ, ಯಾರದೋ ತಮ್ಮನೋ ತಂಗಿಯೋ ಕೊನೆ ಗಳಿಗೆಯಲ್ಲಿ ಬಂದೇ ಬರುತ್ತಾರೆ. ಕಡಲೆಕಾಯಿ ಆಗದ ಮಕ್ಕಳಿದ್ದಾರೆಯೇ ಎಂದು ಅಮ್ಮಂದಿರನ್ನು ಮೊದಲೇ ಕೇಳಿ. ಮೊದಲು ಬಂದ ತಂಡಕ್ಕೆ ಬೇರೆ ಬಹುಮಾನ ಬೇಡ, ಗೊಂಬೆ ಆರತಿಗೆ ಮೊದಲು ನಿಲ್ಲುವ ಅವಕಾಶ ಕೊಡಿ.

ದಿನ ಆರಿಸುವಾಗ ಆಯುಧಪೂಜೆ ಬಿಡಿ. ಅವತ್ತು ಪಾರ್ಕಿಂಗಿನಲ್ಲೆಲ್ಲ ಒಡೆದ ಬೂದುಗುಂಬಳ ಬಿದ್ದಿರುತ್ತದೆ, ಓಡುವ ಕಾಲು ಜಾರುತ್ತದೆ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟಿದ್ದರೆ ಪುಸ್ತಕದೊಳಗೆ ಸುಳಿವು ಇಡುವ ಯೋಚನೆಯೂ ಬೇಡ. ಉಳಿದ ದಿನಗಳಲ್ಲೂ ಪಾರ್ಕಿಂಗ್, ಲಿಫ್ಟ್, ಟೆರೇಸ್, ಸಂಪ್, ಕರೆಂಟ್ ಪ್ಯಾನೆಲ್ ಇವು ಆಟದಿಂದ ಹೊರಗೆ. ಮಕ್ಕಳಿಗೆ ಒಂದೊಂದನ್ನೂ ಹೆಸರಿಟ್ಟು ಹೇಳಿ, ‘ಹುಷಾರಾಗಿರಿ’ ಎಂದರೆ ಸಾಲದು. ತಂಡದ ಹಿಂದೆ ಒಬ್ಬ ದೊಡ್ಡವರು ನಡೆಯಲಿ, ಬಾಯಿ ಬಿಡದೆ. ತಂಡಕ್ಕೆ ಎರಡು ‘ಕೇಳುವ ಚೀಟಿ’ ಕೊಟ್ಟಿರಿ. ಮೂರು ನಿಮಿಷ ತಡಕಾಡಿದ ಮೇಲೆ ಒಂದನ್ನು ಕೊಟ್ಟು ಅವರಿಂದ ಒಂದು ಸೂಚನೆ ಪಡೆಯಬಹುದು. ಹೀಗೊಂದು ಕಟ್ಟು ಇಲ್ಲದಿದ್ದರೆ ಅಪ್ಪ-ಅಮ್ಮಂದಿರೇ ಉತ್ತರ ಹೇಳಿಬಿಡುತ್ತಾರೆ.

ಚೀಟಿಗಳನ್ನು ಆಟಕ್ಕೆ ಅರ್ಧ ಗಂಟೆ ಮೊದಲು ಇಡಿ. ಬೆಳಿಗ್ಗೆಯೇ ಇಟ್ಟರೆ ಕಸದ ಜೊತೆ ಗುಡಿಸಿಕೊಂಡು ಹೋಗಿರುತ್ತದೆ. ಗುಡಿಸುವವರಿಗೂ ಸೆಕ್ಯುರಿಟಿಯವರಿಗೂ ಹೇಳಿಡಿ. ಸೆಲ್ಲೋಟೇಪ್ ಗೋಡೆಯ ಬಣ್ಣ ಕಿತ್ತುಕೊಂಡು ಬರುತ್ತದೆ, ಬಟ್ಟೆ ಕ್ಲಿಪ್ ಸಾಕು. ಸ್ಕೆಚ್ ಪೆನ್ನಿನ ಅಕ್ಷರ ಒಂದು ಹನಿಗೆ ಹರಡುತ್ತದೆ, ಬಾಲ್ ಪೆನ್ನಿನಲ್ಲಿ ಬರೆದು, ಹೊರಗಿನವನ್ನು ಜಿಪ್ ಕವರಿನಲ್ಲಿ ಹಾಕಿ.

ಸಂಜೆ ನಾಲ್ಕೂಕಾಲಿಗೆ ಶುರು ಮಾಡಿದರೆ ದೀಪ ಹಚ್ಚುವ ಹೊತ್ತಿಗೆ ನಿರಾಳವಾಗಿ ಮುಗಿಯುತ್ತದೆ. ಆದರೆ ಅಕ್ಟೋಬರಿನ ಸಂಜೆ ಮಳೆಯನ್ನು ನಂಬುವಂತಿಲ್ಲ. ಮೇಲಿನ ಸಾಲಿನಲ್ಲಿ ಮಳೆಗೆ ಸಿಗುವ ಜಾರುಬಂಡಿಯನ್ನು ಗೊಂಬೆ ಮೆಟ್ಟಿಲ ನಂತರ ಇಟ್ಟಿರುವುದು ಅದಕ್ಕೇ. ಯಾವ ತಂಡವಾದರೂ ಗೊಂಬೆಯ ಬಳಿ ಕೂತವರ ಕೈಯಿಂದ ಚೀಟಿ ಪಡೆದೇ ಅಲ್ಲಿಗೆ ಹೋಗಬೇಕು. ಹನಿ ಶುರುವಾದರೆ ಜಾರುಬಂಡಿಯ ಚೀಟಿಗಳನ್ನು ತಂದು ಕಟ್ಟಡದ ಮೆಟ್ಟಿಲ ಕೆಳಗಿನ ಸೈಕಲ್ ಸ್ಟ್ಯಾಂಡಿಗೆ ಸಿಕ್ಕಿಸಿ. ಗೊಂಬೆಯ ಬಳಿ ಕೂತವರು ಸೈಕಲ್ ಸ್ಟ್ಯಾಂಡಿನ ಸುಳಿವು ಬರೆದ ಬದಲಿ ಚೀಟಿ ಮೂರನ್ನು ಮೊದಲೇ ಮಡಿಲಲ್ಲಿ ಇಟ್ಟುಕೊಂಡಿರಲಿ, ಹಿಂದಿನ ಅಕ್ಷರ ಅದೇ ‘ಶ’.