ಪೋರ್ಟಲ್ ವೇನ್‌ನಲ್ಲಿ ಹೆಪ್ಪು, ಸಿಬಿಸಿ ನಾರ್ಮಲ್: ಆರು ತಿಂಗಳಾದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ಪೋರ್ಟಲ್ ವೇನ್, ಅಂದರೆ ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದೆ, ಆದರೆ ಲಿವರ್ ಚೆನ್ನಾಗಿದೆ, ಸಿಬಿಸಿಯೂ (ರಕ್ತಕಣಗಳ ಎಣಿಕೆ) ನಾರ್ಮಲ್; ರಕ್ತ ತೆಳುವಾಗಿಸುವ ಮಾತ್ರೆಯನ್ನು ಆರು ತಿಂಗಳಾದ ಮೇಲೆ ನಿಲ್ಲಿಸಬಹುದಾ, ಇನ್ನು ಹೆಮಟಾಲಜಿಸ್ಟ್ (ರಕ್ತರೋಗ ತಜ್ಞ) ಯಾಕೆ ಅಂತ ಕೇಳಿದ್ದೀರಿ. ನನಗೂ ಪೋರ್ಟಲ್ ವೇನ್ ಕಟ್ಟಿದಾಗ ವೈದ್ಯರು ಹೀಗೇ ಹೇಳಿ ಮಾತ್ರೆ ನಿಲ್ಲಿಸಿದ್ದರು. ಮುಂದಿನ ವರ್ಷ ಕರುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತು. ಕರುಳಿನ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಯಿತು.

ತಪ್ಪಿದ್ದು ಆ ಸಿಬಿಸಿ ಓದುವುದರಲ್ಲಿ. ಹಿಮೋಗ್ಲೋಬಿನ್ ಸರಿ, ಪ್ಲೇಟ್‌ಲೆಟ್ ಸರಿ, ಹಾಗಾಗಿ ರಕ್ತದಲ್ಲಿ ತೊಂದರೆ ಇಲ್ಲ ಅಂದರು. ಆದರೆ ಸ್ಕ್ಯಾನ್ ರಿಪೋರ್ಟಿನಲ್ಲಿ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ ಅಂತ ಬರೆದಿತ್ತು. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ಪೋರ್ಟಲ್ ವೇನ್ ಕಟ್ಟಿಕೊಂಡರೆ ಹಿಂದೆ ಒತ್ತಡ ಏರಿ ಗುಲ್ಮ ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ನೀರಿನಂಶವೂ ಹೆಚ್ಚಾಗಿ ಹಿಮೋಗ್ಲೋಬಿನ್ ಕಮ್ಮಿ ತೋರಿಸುತ್ತದೆ. ಅಂದರೆ ಮೂಳೆಮಜ್ಜೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತಕಣ ಮಾಡುತ್ತಿದ್ದರೂ ಲೆಕ್ಕ ನಾರ್ಮಲ್ ಬರಬಹುದು. ಅಷ್ಟು ದೊಡ್ಡ ಗುಲ್ಮ ಇದ್ದವರಿಗೆ ಪ್ಲೇಟ್‌ಲೆಟ್ ಇಳಿದಿರಬೇಕು, ಅಲ್ವಾ? ಇಳಿದಿಲ್ಲ ಅನ್ನುವುದೇ ಅನುಮಾನ ಹುಟ್ಟಿಸಬೇಕಿತ್ತು.

ಆಪರೇಷನ್ ಆದಮೇಲೆ ಬಂದ ಹೆಮಟಾಲಜಿಸ್ಟ್ ಮೊದಲು ಬರೆದದ್ದೇ ಜಾಕ್-2 ಪರೀಕ್ಷೆ. ಮಜ್ಜೆಯ ಕಾಯಿಲೆಗಳಲ್ಲಿ ಕಾಣುವ, 2005ರಲ್ಲಿ ಪತ್ತೆಯಾದ ಜೀನ್ ಬದಲಾವಣೆ ಅದು. ಪಾಸಿಟಿವ್ ಬಂತು. ಬೋನ್ ಮ್ಯಾರೋ (ಮೂಳೆಮಜ್ಜೆ) ನೋಡಿ ಪಾಲಿಸೈಥೀಮಿಯಾ ವೆರಾ, ಅಂದರೆ ಮಜ್ಜೆ ರಕ್ತಕಣಗಳನ್ನು ಅತಿಯಾಗಿ ಮಾಡುವ ಕಾಯಿಲೆ ಅಂದರು. ಇದು ಅಪರೂಪದ ಕಾಯಿಲೆ, ನಿಜ. ಆದರೆ ಸಿರೋಸಿಸ್ (ಲಿವರ್ ಗಟ್ಟಿಯಾಗುವ ರೋಗ), ಕ್ಯಾನ್ಸರ್ ಯಾವುದೂ ಇಲ್ಲದೆ ಪೋರ್ಟಲ್ ವೇನ್ ಕಟ್ಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇಂಥ ಮಜ್ಜೆಯ ಕಾಯಿಲೆ ಸಿಗುತ್ತದೆ. ಲಿವರ್‌ನಿಂದ ಹೊರಡುವ ನಾಳ ಕಟ್ಟುವ ಬಡ್-ಕಿಯಾರಿಯಲ್ಲಿ ಇದು ಸುಮಾರು ಶೇ. 40. ಎಷ್ಟೋ ಜನರಿಗೆ ಕಾಯಿಲೆಯ ಮೊದಲ ಸುಳಿವೇ ಈ ಹೆಪ್ಪು.

ಹಾಗಾಗಿ ಮಾತ್ರೆ ಯಾವಾಗ ನಿಲ್ಲಿಸಲಿ ಅನ್ನುವ ಪ್ರಶ್ನೆಯನ್ನು ಸದ್ಯ ಬಿಟ್ಟುಬಿಡಿ. ಹೆಪ್ಪು ಅಲ್ಲಿ ಯಾಕೆ ಬಂತು ಅಂತ ಕೇಳಿ. ಹೆಮಟಾಲಜಿಸ್ಟ್ ಹತ್ತಿರ ಹೋಗಲೇಬೇಕು. ಜಾಕ್-2ಗೆ ಕೈಯಿಂದ ತೆಗೆದ ರಕ್ತ ಸಾಕು, ಮಾತ್ರೆ ನುಂಗುತ್ತಿದ್ದರೂ ಫಲಿತಾಂಶ ಬದಲಾಗುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಪರೀಕ್ಷೆಗಳು ಹಾಗಲ್ಲ. ವಾರ್ಫರಿನ್ ಅನ್ನುವ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅವು ಸುಮ್ನೆ ಕಮ್ಮಿ ಬಂದು ದಾರಿ ತಪ್ಪಿಸುತ್ತವೆ. ಜಾಕ್-2 ನೆಗೆಟಿವ್ ಬಂದರೂ ಅಲ್ಲಿಗೆ ಮುಗಿಸಬೇಡಿ. ಕ್ಯಾಲ್‌ಆರ್ ಅನ್ನುವ ಇನ್ನೊಂದು ಜೀನ್ ಪರೀಕ್ಷೆ, ಬೋನ್ ಮ್ಯಾರೋ, ಪಿಎನ್‌ಎಚ್ ಅನ್ನುವ ಇನ್ನೊಂದು ರಕ್ತದ ಕಾಯಿಲೆಗೆ ಫ್ಲೋ ಸೈಟೋಮೆಟ್ರಿ ಅನ್ನುವ ರಕ್ತಪರೀಕ್ಷೆ, ಇವುಗಳ ಬಗ್ಗೆ ಕೇಳಿ.

ಮಜ್ಜೆಯ ಕಾಯಿಲೆ ಅಂತಾದರೆ ರಕ್ತ ತೆಳುವಾಗಿಸುವ ಮಾತ್ರೆ ಸಾಮಾನ್ಯವಾಗಿ ಬಹುಕಾಲ ಬೇಕು. ನನಗೆ ಅದರ ಜೊತೆ ರಕ್ತಕಣ ಕಮ್ಮಿ ಮಾಡುವ ಹೈಡ್ರಾಕ್ಸಿಯೂರಿಯಾ ಇದೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 45ರ ಕೆಳಗೆ ಇರಲೆಂದು ಆಗಾಗ ರಕ್ತ ತೆಗೆಯುತ್ತಾರೆ. ರಕ್ತಸ್ರಾವದ ಭಯಕ್ಕೆ ನಿಲ್ಲಿಸಬೇಕು ಅನಿಸುತ್ತಿದ್ದರೆ ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದಲ್ಲಿ ಉಬ್ಬಿದ ನಾಳಗಳಿದ್ದರೆ ಬ್ಯಾಂಡ್ ಹಾಕುತ್ತಾರೆ. ಅಷ್ಟರೊಳಗೆ ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ ಅಥವಾ ಹೊಟ್ಟೆನೋವು ಏಕಾಏಕಿ ಜೋರಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.